‘ಎಂಗ’ ಮತ್ತು ‘ಬಂತಡ’: ಘಟ್ಟದ ಮೇಲಿನ ಆಟದ ನೆನಪುಗಳಲ್ಲಿ ಸಾಕ್ಷ್ಯದ ವ್ಯಾಕರಣ

ಸಾರಾಂಶ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಲ್ಲಿ ದಶಕಗಳ ಹಿಂದೆ ಬಯಲಿನಲ್ಲಿ, ಡೇರೆಯಲ್ಲಿ ನಡೆದ ಯಕ್ಷಗಾನದ ಆಟಗಳನ್ನು ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ. ಈ ನೆನಪಿನ ಮಾತಿನಲ್ಲಿ ‘ಕಂಡದ್ದು’ ಮತ್ತು ‘ಕೇಳಿದ್ದು’ ಎಂಬ ಭೇದವನ್ನು ಹವಿಗನ್ನಡವು ವ್ಯಾಕರಣದ ಮಟ್ಟದಲ್ಲಿಯೇ ಗುರುತಿಸುತ್ತದೆ. ವರದಿಸೂಚಕ ‘-ಡ’, ಉತ್ತಮಪುರುಷ ಬಹುವಚನದಲ್ಲಿ ಕೇಳುಗನನ್ನು ಹೊರಗಿಡುವ ‘ಎಂಗ’, ಉದ್ಧರಣಸೂಚಕ ‘ಹೇಳಿ’ ಎಂಬ ಮೂರು ಸಾಧನಗಳನ್ನೂ, ಕನ್ನಡದಲ್ಲಿ ವ್ಯಾಪಕವಾಗಿರುವ ಏಕವಚನ-ಗೌರವವಚನಗಳ ಆಯ್ಕೆಯನ್ನೂ ಪ್ರಸ್ತುತ ಲೇಖನವು ವಿವರಿಸುತ್ತದೆ. ಇಂಥ ನೆನಪುಗಳನ್ನು ಶಿಷ್ಟಕನ್ನಡಕ್ಕೆ ತಿದ್ದಿ ಬರೆದಾಗ ಈ ಸೂಚಕಗಳು ಅಳಿಸಿಹೋಗುತ್ತವೆ. ಯಾರು ಕಂಡರು, ಯಾರು ಕೇಳಿದರು ಎಂಬ ಮಾಹಿತಿಯೂ ಅವುಗಳೊಂದಿಗೆ ನಷ್ಟವಾಗುತ್ತದೆ ಎಂಬುದು ನಮ್ಮ ಮುಖ್ಯ ವಾದ.

ಪ್ರಮುಖ ಪದಗಳು: ಹವಿಗನ್ನಡ, ಸಾಕ್ಷ್ಯಸೂಚಕ, ವರದಿಸೂಚಕ, ನೆನಪಿನ ಕಥನ, ಯಕ್ಷಗಾನ, ಲಿಪ್ಯಂತರ

1. ಪೀಠಿಕೆ

ಸಾವಿರಾರು ಜನರು ಒಂದು ರಾತ್ರಿ ಬಯಲಿನಲ್ಲಿ ಒಟ್ಟಾಗಿ ಕುಳಿತು ಕಂಡ ಪ್ರದರ್ಶನವು ಆ ರಾತ್ರಿಗೇ ಮುಗಿಯುವುದಿಲ್ಲ. ಅದು ಮುಂದಿನ ನಲವತ್ತು ವರ್ಷಗಳ ಕಾಲ ಮಾತಾಗಿ ಬದುಕುತ್ತದೆ. 1969ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವದ ಮಳೆಯೂ ಕೆಸರೂ ಅಲ್ಲಿಗೆ ಹೋಗದವರ ನೆನಪಿನಲ್ಲಿಯೂ ಸೇರಿಕೊಂಡಿವೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ರಾಕ್ ತಂಡವು ನಡೆಸಿದ ಬಯಲು ಕಛೇರಿಯನ್ನು ಕುರಿತು ಅಭಿಮಾನಿಯೊಬ್ಬನು ‘ನಾವು ಅಲ್ಲಿದ್ದೆವು’ ಎಂದರೆ, ಆ ‘ನಾವು’ ಎಂಬುದರಲ್ಲಿ ಯಾರು ಯಾರು ಸೇರಿದ್ದಾರೆ, ಎದುರಿಗಿರುವ ಕೇಳುಗನೂ ಅದರಲ್ಲಿದ್ದಾನೆಯೇ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿಯೂ ಶಿಷ್ಟಕನ್ನಡದಲ್ಲಿಯೂ ಸರ್ವನಾಮವು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲೂಕುಗಳಾದ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಹವ್ಯಕರು ಆಡುವ ಹವಿಗನ್ನಡವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಈ ಭಾಗದಲ್ಲಿ ಬಯಲಿನ ಮಹಾಪ್ರದರ್ಶನವೆಂದರೆ ಯಕ್ಷಗಾನ. ಆಡುಮಾತಿನಲ್ಲಿ ಅದು ಬರಿಯ ‘ಆಟ’. ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಮುಂದಿನ ಮಳೆಯವರೆಗೆ ಸಾಗುವ ತಿರುಗಾಟದಲ್ಲಿ ಮೇಳಗಳು ಘಟ್ಟವನ್ನೇರಿ ಬಂದು ಕೊಯ್ಲಾದ ಗದ್ದೆಗಳಲ್ಲಿಯೂ ಪೇಟೆಯ ಬಯಲುಗಳಲ್ಲಿಯೂ ರಾತ್ರಿಯಿಂದ ಬೆಳಗಿನವರೆಗೆ ಆಡುತ್ತಿದ್ದವು. ಎರಡು ವರ್ಷಗಳಿಗೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಡೇರೆಗಳು ಏಳುತ್ತಿದ್ದವು. ಆ ರಾತ್ರಿಗಳ ಮಾತು ಚಳಿಗಾಲದಲ್ಲಿ ಅಡಿಕೆ ಸುಲಿಯುವ ಜಗುಲಿಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ಮತ್ತೆ ಮತ್ತೆ ಹುಟ್ಟುತ್ತದೆ. ಆ ಮಾತಿನ ವ್ಯಾಕರಣವೇ ನಮ್ಮ ವಿಷಯ.

ವಿಧಾನದ ಬಗ್ಗೆ ಒಂದು ಮಾತು. ಇಲ್ಲಿಯ ಉದಾಹರಣವಾಕ್ಯಗಳು ನಿತ್ಯದ ಬಳಕೆಯ ಮಾದರಿಯನ್ನನುಸರಿಸಿ ವಿವರಣೆಗಾಗಿ ನಾವು ರಚಿಸಿದವು. ಅವು ಯಾವ ವ್ಯಕ್ತಿಯ ಹೇಳಿಕೆಯೂ ಅಲ್ಲ. ಪದರೂಪಗಳು ಊರಿಂದೂರಿಗೆ ತುಸು ಭಿನ್ನವಾಗಿರುತ್ತವೆ. ಒಂದೆಡೆ ‘ಎಂಗ’ ಎಂದಿರುವುದು ಇನ್ನೊಂದೆಡೆ ‘ಎಂಗೊ’ ಎಂದಾಗುತ್ತದೆ. ಆದರೆ ನಾವು ಚರ್ಚಿಸುವ ಭೇದಗಳು ಉಚ್ಚಾರಣೆಯ ಈ ವ್ಯತ್ಯಾಸಗಳನ್ನು ಅವಲಂಬಿಸಿಲ್ಲ.

2. ಪ್ರೇಕ್ಷಕನೇ ದಾಖಲೆಯಾಗುವ ಸಂದರ್ಭ

ಭಾಷಾವಿಜ್ಞಾನಕ್ಕೆ ಈ ನೆನಪುಗಳು ಏಕೆ ಮುಖ್ಯ ಎಂಬುದನ್ನು ತಿಳಿಯಲು ಯಕ್ಷಗಾನದ ಪಠ್ಯಸ್ವರೂಪವನ್ನು ಗಮನಿಸಬೇಕು. ಪ್ರಸಂಗದ ಪುಸ್ತಕದಲ್ಲಿ ಇರುವುದು ಭಾಗವತನು ಹಾಡುವ ಪದ್ಯಗಳು. ವೇಷಧಾರಿಯು ಆಡುವ ಗದ್ಯವಾದ ‘ಅರ್ಥ’ವು ಆ ರಾತ್ರಿ ರಂಗಸ್ಥಳದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಅದೇ ಪ್ರಸಂಗ, ಅದೇ ಪದ್ಯ, ಅದೇ ಕಲಾವಿದನಿದ್ದರೂ ಮರುರಾತ್ರಿಯ ಅರ್ಥ ಬೇರೆ. ಕುಣಿತವೂ ಹಾಗೆಯೇ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ದಂತಹ ಕೃತಿಯು ಈ ಕಲೆಯ ಸಾಹಿತ್ಯ, ವೇಷ, ಗಾನಗಳನ್ನು ಶಾಸ್ತ್ರೀಯವಾಗಿ ನಿರೂಪಿಸಿತು. ಆದರೆ ಒಂದು ನಿರ್ದಿಷ್ಟ ರಾತ್ರಿ ಒಂದು ನಿರ್ದಿಷ್ಟ ಬಯಲಿನಲ್ಲಿ ಏನಾಯಿತು ಎಂಬುದು ಯಾವ ಗ್ರಂಥದ ವ್ಯಾಪ್ತಿಗೂ ಬರುವುದಿಲ್ಲ.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಪುತ್ರ ಶಂಭು ಹೆಗಡೆಯವರು 2009ರಲ್ಲಿಯೂ, ‘ಭಸ್ಮಾಸುರ’, ‘ಕೀಚಕ’, ‘ದುಷ್ಟಬುದ್ಧಿ’ ಮೊದಲಾದ ವೇಷಗಳಿಂದ ಹೆಸರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿಯೂ, ಶಿರಸಿ ಸೀಮೆಯವರೇ ಆದ ಭಾಗವತ ನೆಬ್ಬೂರು ನಾರಾಯಣ ಅವರು 2019ರಲ್ಲಿಯೂ ತೀರಿಕೊಂಡರು. ತನ್ನ ಕಂಠದಿಂದ ಒಂದು ತಲೆಮಾರನ್ನು ಸೆಳೆದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿಯೇ, ಇನ್ನೂ ಚಿಕ್ಕ ವಯಸ್ಸಿನಲ್ಲಿ, ರಸ್ತೆ ಅಪಘಾತದಲ್ಲಿ ಮೃತಪಟ್ಟರು. ಈ ಕಲಾವಿದರ ಹರೆಯದ ಆಟಗಳನ್ನು ಎದುರು ಕುಳಿತು ಕಂಡವರು ಈಗ ಮುಪ್ಪಿನಲ್ಲಿದ್ದಾರೆ. ಅವರ ಮಾತು ಅಭಿಮಾನದ ಮಾತಾಗಿರುವಂತೆಯೇ ಹಲವು ರಾತ್ರಿಗಳ ಮಟ್ಟಿಗೆ ಉಳಿದಿರುವ ಒಂದೇ ದಾಖಲೆಯೂ ಆಗಿದೆ. ಆದ್ದರಿಂದ ಆ ದಾಖಲೆಯನ್ನು ಓದುವ ಕ್ರಮವನ್ನು ಅರಿಯುವುದು ಅಗತ್ಯ.

3. ‘-ಡ’: ಕೇಳಿದ್ದರ ಗುರುತು

ಹೇಳುವ ವಿಷಯವು ಹೇಳುವವನಿಗೆ ಯಾವ ಮೂಲದಿಂದ ದೊರೆಯಿತು ಎಂಬುದನ್ನು ಸೂಚಿಸುವ ವ್ಯಾಕರಣಾಂಶವನ್ನು ಸಾಕ್ಷ್ಯಸೂಚಕ ಎನ್ನಬಹುದು. ಜಗತ್ತಿನ ಭಾಷೆಗಳಲ್ಲಿ ಇದು ತೋರುವ ಬಗೆಗಳನ್ನು ಅಲೆಕ್ಸಾಂಡ್ರಾ ಐಖೆನ್‌ವಾಲ್ಡ್ ಅವರು 2004ರ ತಮ್ಮ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ. ಕನ್ನಡದಲ್ಲಿ ‘-ಅಂತೆ’ ಎಂಬುದು ಈ ಕೆಲಸ ಮಾಡುತ್ತದೆ. ಹವಿಗನ್ನಡದಲ್ಲಿ ಅದೇ ಸ್ಥಾನದಲ್ಲಿ ‘-ಅಡ’ ಅಥವಾ ‘-ಡ’ ಬರುತ್ತದೆ.

(1) ಮಳೆ ಬಂತು.
(2) ಮಳೆ ಬಂತಡ. (ಶಿಷ್ಟಕನ್ನಡ: ಮಳೆ ಬಂತಂತೆ.)
(3) ಆಟ ನಿಂತಿದ್ದಿಲ್ಲೆಡ. (ಶಿಷ್ಟಕನ್ನಡ: ಆಟ ನಿಂತಿರಲಿಲ್ಲವಂತೆ.)

ನಡು ಆಟದಲ್ಲಿ ಮಳೆ ಬಂದುದನ್ನು (1)ರಂತೆ ಹೇಳುವವನು ತಾನು ನೆನೆದವನೆಂದು ಕೇಳುಗನು ತಿಳಿಯುತ್ತಾನೆ. (2) ಮತ್ತು (3)ರಂತೆ ಹೇಳುವವನು ನೆನೆದವರ ಬಾಯಿಂದ ಕೇಳಿದವನು. ಎರಡೂ ಬಗೆಯ ವಾಕ್ಯಗಳು ಹೇಳುವ ಘಟನೆ ಒಂದೇ. ಹೇಳುವವನು ಆ ಘಟನೆಯೊಂದಿಗೆ ಹೊಂದಿರುವ ಸಂಬಂಧ ಮಾತ್ರ ಬೇರೆ. ‘-ಡ’ವು ಸಂದೇಹವನ್ನು ಸೂಚಿಸುತ್ತದೆಂದು ಭಾವಿಸುವುದು ಸರಿಯಲ್ಲ. ಅಪ್ಪಯ್ಯನ ಮಾತನ್ನು ಪೂರ್ಣವಾಗಿ ನಂಬಿದ ಮಗನೂ ‘-ಡ’ ಎಂದೇ ಹೇಳುತ್ತಾನೆ. ಅದು ನಂಬಿಕೆಯ ಅಳತೆಯಲ್ಲ, ಮೂಲದ ಗುರುತು.

ಉತ್ತಮಪುರುಷದಲ್ಲಿ ಈ ಸೂಚಕದ ಬಳಕೆ ವಿಶೇಷ ಗಮನಕ್ಕೆ ಅರ್ಹ. ತನಗೆ ತಾನೇ ಸಾಕ್ಷಿಯಾಗಿರುವಾಗ ‘-ಡ’ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಆದರೆ ಆಟದ ನೆನಪುಗಳಲ್ಲಿ ಇದಕ್ಕೆ ಸಹಜವಾದ ಸಂದರ್ಭವಿದೆ. ಹೆಚ್ಚಿನವರು ಮೊದಲ ಆಟಗಳಿಗೆ ಹೋದದ್ದು ಮಕ್ಕಳಾಗಿದ್ದಾಗ. ನಡುರಾತ್ರಿ ದಾಟುವ ಹೊತ್ತಿಗೆ ಮಕ್ಕಳು ಕಂಬಳಿಯ ಮೇಲೆ ಮಲಗಿರುತ್ತಿದ್ದರು.

(4) ಎಂಗೆ ನಿದ್ದೆ ಬಂದಿತ್ತಡ. (ಶಿಷ್ಟಕನ್ನಡ: ನನಗೆ ನಿದ್ದೆ ಬಂದಿತ್ತಂತೆ.)

ಈ ವಾಕ್ಯದಲ್ಲಿ ಹೇಳುವವನು ಅಲ್ಲಿದ್ದನು, ಆದರೆ ಕಂಡಿರಲಿಲ್ಲ. ದೇಹದ ಹಾಜರಿ ಮತ್ತು ಅನುಭವದ ಹಾಜರಿ ಎಂಬ ಎರಡನ್ನು ಒಂದೇ ಅಕ್ಷರವು ಬೇರ್ಪಡಿಸುತ್ತದೆ. ಅದೇ ವ್ಯಕ್ತಿಯು ‘ನಾನೂ ಆ ಆಟಕ್ಕೆ ಹೋಗಿದ್ದೆ’ ಎಂದು ಶಿಷ್ಟಕನ್ನಡದಲ್ಲಿ ಹೇಳಿದರೆ ಅದು ಸುಳ್ಳಾಗುವುದಿಲ್ಲ. ಆದರೆ ಅಲ್ಲಿ ಏನನ್ನು ಕಂಡನೆಂಬುದು ಮರೆಯಾಗುತ್ತದೆ. ಇಂಥ ವಾಕ್ಯಗಳಲ್ಲಿ ಅನುಭವಿಯು ಚತುರ್ಥೀ ವಿಭಕ್ತಿಯಲ್ಲಿ ಬರುವುದೂ ಆಕಸ್ಮಿಕವಲ್ಲ. ‘ನಿದ್ದೆ ಬರು’, ‘ನೆನಪಾಗು’, ‘ಭಯವಾಗು’ ಮೊದಲಾದವು ಕರ್ತೃವಿನ ಸಂಕಲ್ಪವಿಲ್ಲದೆ ನಡೆಯುವ ಸ್ಥಿತಿಗಳು. ‘ಎಂಗೆ ನೆನಪಿದ್ದು’ ಎಂಬಲ್ಲಿ ನೆನಪು ತಾನಾಗಿ ಇರುತ್ತದೆ, ‘ನೆನಪಾತು’ ಎಂಬಲ್ಲಿ ತಾನಾಗಿ ಬರುತ್ತದೆ. ‘ನೆನೆದನು’ ಎಂದಾಗ ಮಾತ್ರ ಮನುಷ್ಯನು ಅದನ್ನು ಕರೆದು ತರುತ್ತಾನೆ.

ಇನ್ನೊಂದು ಮಧ್ಯಮ ಸ್ಥಿತಿಯನ್ನೂ ಹೇಳಬೇಕು. ಎಂಬತ್ತರ ದಶಕದಲ್ಲಿ ಧ್ವನಿಸುರುಳಿಗಳು ಮನೆಮನೆಗೆ ಬಂದವು. ಕಾಳಿಂಗ ನಾವಡರ ಪದ್ಯವನ್ನು ರಂಗಸ್ಥಳದೆದುರು ಕುಳಿತು ಕೇಳಿದವರಂತೆ ಕ್ಯಾಸೆಟ್ಟಿನಲ್ಲಿ ಮಾತ್ರ ಕೇಳಿದವರೂ ಇದ್ದಾರೆ. ಇಬ್ಬರೂ ‘ಕೇಳಿದ್ದಿ’ ಎಂದೇ ಹೇಳುತ್ತಾರೆ. ಕನ್ನಡದ ‘ಕೇಳು’ ಧಾತುವಿಗೆ ಧ್ವನಿಯನ್ನು ಆಲಿಸುವುದು, ಸುದ್ದಿಯನ್ನು ತಿಳಿಯುವುದು, ಪ್ರಶ್ನಿಸುವುದು ಎಂಬ ಅರ್ಥಗಳೆಲ್ಲವೂ ಇವೆ. ಕ್ಯಾಸೆಟ್ಟಿನಲ್ಲಿ ಕೇಳಿದ ಪದ್ಯದ ಬಗ್ಗೆ ಮಾತನಾಡುವವನಿಗೆ ‘-ಡ’ ಬೇಕಾಗಿಲ್ಲ. ಏಕೆಂದರೆ ಅವನ ಕಿವಿಗೆ ಅದು ನೇರವಾಗಿಯೇ ಬಿದ್ದಿದೆ. ಆದರೆ ಅವನು ಆ ರಾತ್ರಿಯ ಸಾಕ್ಷಿಯಲ್ಲ. ಕಂಡದ್ದು-ಕೇಳಿದ್ದು ಎಂಬ ಎರಡು ಮನೆಗಳ ವ್ಯವಸ್ಥೆಯು ಯಂತ್ರದಿಂದ ಬಂದ ಈ ಮೂರನೆಯ ಬಗೆಗೆ ಪ್ರತ್ಯೇಕ ಮನೆಯನ್ನು ಕಟ್ಟಿಲ್ಲ. ‘-ಡ’ ಇಲ್ಲದ ಪ್ರತಿ ವಾಕ್ಯವನ್ನೂ ಹಾಜರಿಯ ಪುರಾವೆಯೆಂದು ಎಣಿಸಬಾರದು ಎಂಬುದಕ್ಕೆ ಇದು ಮೊದಲ ಕಾರಣ.

4. ‘ಎಂಗ’ ಮತ್ತು ‘ನಾವು’: ಹಾಜರಿಯ ಗಡಿ

ಉತ್ತಮಪುರುಷ ಬಹುವಚನದಲ್ಲಿ ಕೇಳುಗನನ್ನು ಸೇರಿಸುವ ರೂಪ ಮತ್ತು ಹೊರಗಿಡುವ ರೂಪ ಎಂಬ ಭೇದವು ದ್ರಾವಿಡ ಭಾಷೆಗಳಲ್ಲಿ ವ್ಯಾಪಕವಾಗಿದೆ. ತಮಿಳಿನ ‘ನಾಮ್’ ಮತ್ತು ‘ನಾಂಗಳ್’, ತೆಲುಗಿನ ‘ಮನಮು’ ಮತ್ತು ‘ಮೇಮು’ ಇದಕ್ಕೆ ಪರಿಚಿತ ಉದಾಹರಣೆಗಳು. ಶಿಷ್ಟಕನ್ನಡವು ಈ ಭೇದವನ್ನು ಕಳೆದುಕೊಂಡು ‘ನಾವು’ ಎಂಬ ಒಂದೇ ರೂಪವನ್ನು ಉಳಿಸಿಕೊಂಡಿದೆ. ಹವ್ಯಕರ ಮಾತು ಅದನ್ನು ಕಾಪಾಡಿಕೊಂಡಿದೆ. ಈ ಉಪಭಾಷೆಗೆ ವ್ಯಾಕರಣ ಬರೆದ ಡಿ. ಎನ್. ಶಂಕರ ಭಟ್ಟರ ಕೆಲಸದಿಂದ ಇದರ ರಚನೆಯು ಭಾಷಾವಿಜ್ಞಾನಿಗಳಿಗೆ ಪರಿಚಿತವಾಗಿದೆ.

(5) ಎಂಗ ಆಟ ನೋಡಲೆ ಹೋಗಿದ್ಯ. (ನಾವು, ನಿನ್ನನ್ನು ಬಿಟ್ಟು, ಆಟ ನೋಡಲು ಹೋಗಿದ್ದೆವು.)
(6) ಎಂಗಳ ಊರಿನ ಆಟ. (ನಿನ್ನದಲ್ಲದ, ನಮ್ಮ ಊರಿನ ಆಟ.)
(7) ನಮ್ಮೂರಿನ ಆಟ. (ನಿನ್ನದೂ ನನ್ನದೂ ಆದ ಊರಿನ ಆಟ.)

ಸಾಮಾನ್ಯ ಸಂಭಾಷಣೆಯಲ್ಲಿ ಈ ಭೇದವು ಆಮಂತ್ರಣಕ್ಕೋ ಆಸ್ತಿಗೋ ಸಂಬಂಧಿಸಿದ್ದು. ನೆನಪಿನ ಕಥನದಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ. ಅಜ್ಜನು ಮೊಮ್ಮಗನಿಗೆ ಆಟದ ರಾತ್ರಿಯನ್ನು ವರ್ಣಿಸುತ್ತ ‘ಎಂಗ’ ಎಂದಾಗ ಆ ರಾತ್ರಿಯ ಸುತ್ತ ಒಂದು ಗೆರೆ ಎಳೆಯುತ್ತಾನೆ. ಗೆರೆಯ ಒಳಗೆ ಅಂದು ಕುಳಿತಿದ್ದವರು, ಹೊರಗೆ ಈಗ ಕೇಳುತ್ತಿರುವವನು. ಅಂದು ಜೊತೆಗಿದ್ದ ಗೆಳೆಯನೇ ಕೇಳುಗನಾದರೆ ಅದೇ ಅಜ್ಜನು ‘ನಾವು’ ಎನ್ನುತ್ತಾನೆ. ಒಂದೇ ಜಗುಲಿಯಲ್ಲಿ ಗೆಳೆಯ ಮತ್ತು ಮೊಮ್ಮಗ ಇಬ್ಬರೂ ಕುಳಿತಿದ್ದಾಗ ಸರ್ವನಾಮದ ಆಯ್ಕೆಯು ಮಾತು ಯಾರ ಕಡೆಗೆ ತಿರುಗಿದೆ ಎಂಬುದನ್ನು ಕ್ಷಣಕ್ಷಣಕ್ಕೂ ತೋರಿಸುತ್ತದೆ.

ಸಾಮೂಹಿಕ ಸ್ಮೃತಿಯನ್ನು ಕುರಿತು ಮೋರಿಸ್ ಹಾಲ್ಬ್‌ವಾಕ್ಸ್ ಅವರು ಮಂಡಿಸಿದ ವಿಚಾರಗಳಲ್ಲಿ ಸಮುದಾಯವೇ ನೆನಪಿಗೆ ಚೌಕಟ್ಟು. ಆ ಚೌಕಟ್ಟಿನ ಅಂಚು ಎಲ್ಲಿದೆ ಎಂಬುದನ್ನು ಸಮಾಜಶಾಸ್ತ್ರವು ಊಹೆಯಿಂದ ಕಂಡುಕೊಳ್ಳಬೇಕಾಗುತ್ತದೆ. ಹವಿಗನ್ನಡದಲ್ಲಿ ಆ ಅಂಚು ಸರ್ವನಾಮದಲ್ಲಿಯೇ ಉಚ್ಚಾರವಾಗುತ್ತದೆ.

‘ಎಂಗ’ ಮತ್ತು ‘-ಡ’ ಸೇರಿ ಒಂದು ಪರೀಕ್ಷೆಯನ್ನು ಒದಗಿಸುತ್ತವೆ. ಪಾಲ್ಗೊಂಡವರ ಗುಂಪನ್ನು ‘ಎಂಗ’ ಎಂದು ಕರೆದು ಕ್ರಿಯಾಪದಕ್ಕೆ ‘-ಡ’ ಹಚ್ಚದಿದ್ದರೆ ಅದು ಹಾಜರಿಯ ಬಲವಾದ ಹೇಳಿಕೆ. ಗುಂಪನ್ನು ‘ಅವು’ ಎಂದು ಕರೆದು ‘-ಡ’ ಹಚ್ಚಿದರೆ ಅದು ಸ್ಪಷ್ಟವಾದ ವರದಿ. ನಡುವಿನ ಮಿಶ್ರರೂಪಗಳಲ್ಲಿಯೇ ಸಂಶೋಧಕನು ನಿಂತು ಮತ್ತೊಂದು ಪ್ರಶ್ನೆ ಕೇಳಬೇಕಾಗುತ್ತದೆ.

ಈ ಬಯಲುಗಳ ಪ್ರೇಕ್ಷಕರು ಹವ್ಯಕರಷ್ಟೇ ಆಗಿರಲಿಲ್ಲ ಎಂಬುದನ್ನೂ ಮರೆಯಬಾರದು. ನಾಮಧಾರಿಗಳು, ಒಕ್ಕಲಿಗರು, ಕೊಂಕಣಿ ಮಾತನಾಡುವವರು, ಪೇಟೆಯ ವ್ಯಾಪಾರಿಗಳು ಎಲ್ಲರೂ ಒಂದೇ ಡೇರೆಯಲ್ಲಿ ಕುಳಿತಿದ್ದರು. ‘-ಅಂತೆ’ ಇರುವ ಕನ್ನಡ ಪ್ರಭೇದಗಳಲ್ಲಿ ಮೂಲದ ಗುರುತು ಉಳಿಯುತ್ತದೆ. ‘ನಾವು’ ಒಂದೇ ಇರುವಲ್ಲಿ ಹಾಜರಿಯ ಗಡಿಯನ್ನು ಬೇರೆ ಮಾತುಗಳಿಂದ ಕಟ್ಟಬೇಕಾಗುತ್ತದೆ. ಆದ್ದರಿಂದ ಒಂದೇ ರಾತ್ರಿಯ ನೆನಪನ್ನು ಬೇರೆ ಬೇರೆ ಪ್ರಭೇದಗಳಲ್ಲಿ ಸಂಗ್ರಹಿಸುವವರು ಒಂದರ ಮೌನವನ್ನು ಇನ್ನೊಂದರ ಸೂಚಕದೊಂದಿಗೆ ಸರಿಗಟ್ಟಬಾರದು.

5. ಏಕವಚನದ ಪ್ರೀತಿ

ಮುಂದಿನ ಅಂಶವು ಹವಿಗನ್ನಡಕ್ಕೆ ಸೀಮಿತವಲ್ಲ. ಕನ್ನಡದ ಅಭಿಮಾನಿಗಳ ಮಾತಿನಲ್ಲೆಲ್ಲ ಕಾಣುವಂಥದು. ಆದ್ದರಿಂದ ಉದಾಹರಣೆಗಳನ್ನು ಸಾಮಾನ್ಯ ಕನ್ನಡದಲ್ಲಿಯೇ ಕೊಡುತ್ತೇವೆ.

(8) ಚಿಟ್ಟಾಣಿ ಬಂದ.
(9) ಭಸ್ಮಾಸುರ ಬಂದ.
(10) ಚಿಟ್ಟಾಣಿಯವರು ಬಂದರು.

2012ರಲ್ಲಿ ಪದ್ಮಶ್ರೀ ಪಡೆದ ಹಿರಿಯ ಕಲಾವಿದರನ್ನು (8)ರಲ್ಲಿ ಏಕವಚನದಿಂದ ಕರೆಯಲಾಗಿದೆ. ಇದು ಅಗೌರವವಲ್ಲ. ರಂಗಸ್ಥಳಕ್ಕೆ ಬಂದದ್ದು ವ್ಯಕ್ತಿಯಲ್ಲ, ವೇಷ. ವೇಷಕ್ಕೆ ಏಕವಚನವೇ ಸಹಜ. (9)ರ ಏಕವಚನವೇ (8)ಕ್ಕೆ ಹರಿದಿದೆ. ಅದೇ ಕಲಾವಿದರು ಚೌಕಿಯಲ್ಲಿ ಬಣ್ಣ ಕಳಚಿ ಚಹಾ ಕುಡಿದುದನ್ನು ಹೇಳುವಾಗ ಅದೇ ಅಭಿಮಾನಿಯು (10)ರ ಗೌರವವಚನಕ್ಕೆ ಬರಬಲ್ಲನು. ಹೀಗೆ ವಚನದ ಆಯ್ಕೆಯು ಕಥನದಲ್ಲಿ ರಂಗಸ್ಥಳದ ಒಳಗೆ ಮತ್ತು ಹೊರಗೆ ಎಂಬುದನ್ನು ಗುರುತಿಸುತ್ತದೆ.

ಹೆಸರಿನ ರೂಪವೂ ಗಮನಾರ್ಹ. ಚಿಟ್ಟಾಣಿ, ಕೆರೆಮನೆ, ನೆಬ್ಬೂರು ಇವೆಲ್ಲ ಮೂಲತಃ ಊರು ಮನೆಗಳ ಹೆಸರುಗಳು. ಸ್ಥಳನಾಮವು ವ್ಯಕ್ತಿನಾಮವಾಗಿ, ಅನಂತರ ಒಂದು ಕುಣಿತದ ಅಥವಾ ಗಾನದ ಶೈಲಿಯ ನಾಮವಾಗಿ ಬೆಳೆದಿದೆ. ‘ಅದು ಕೆರೆಮನೆಯ ನಡೆ’ ಎಂದಾಗ ಊರೂ ಅಲ್ಲ, ಒಬ್ಬ ವ್ಯಕ್ತಿಯೂ ಅಲ್ಲ, ಒಂದು ಪರಂಪರೆಯು ಸೂಚಿತವಾಗುತ್ತದೆ. ಮುದ್ರಣಕ್ಕಾಗಿ ಎಲ್ಲೆಡೆ ‘ಅವರು’ ಎಂದು ತಿದ್ದುವ ಸಂಪಾದಕನು ಸೌಜನ್ಯದಿಂದಲೇ ಹಾಗೆ ಮಾಡುತ್ತಾನೆ. ಆದರೆ ವೇಷ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಆರಂಭವಾದ ಎಂಬ ಗೆರೆಯು ಆ ತಿದ್ದುಪಡಿಯಲ್ಲಿ ಮಾಯವಾಗುತ್ತದೆ.

6. ‘ಹೇಳಿ’: ನಾಲ್ಕು ದಶಕಗಳ ಹಿಂದಿನ ಅರ್ಥದ ಉದ್ಧರಣ

ಶಿಷ್ಟಕನ್ನಡದ ‘ಎಂದು’, ಆಡುಮಾತಿನ ‘ಅಂತ’ ಎಂಬವುಗಳ ಸ್ಥಾನದಲ್ಲಿ ಹವಿಗನ್ನಡವು ‘ಹೇಳಿ’ ಎಂಬುದನ್ನು ಬಳಸುತ್ತದೆ. ‘ಹೇಳು’ ಧಾತುವಿನ ಭೂತಕೃದಂತವು ಇಲ್ಲಿ ಉದ್ಧರಣಸೂಚಕ ಅವ್ಯಯವಾಗಿದೆ. ಹೇಳುವ ಕ್ರಿಯೆಯನ್ನು ಸೂಚಿಸುವ ಧಾತುವು ಹೀಗೆ ವ್ಯಾಕರಣಾಂಶವಾಗುವುದು ಹಲವು ಭಾಷೆಗಳಲ್ಲಿ ಕಂಡುಬರುವ ಬೆಳವಣಿಗೆ.

(11) ‘ಎಲೈ ದೂತನೇ, ನಿನ್ನೊಡೆಯನಿಗೆ ಹೇಳು’ ಹೇಳಿ ಹೇಳ್ದ.

ಈ ಒಂದೇ ವಾಕ್ಯದಲ್ಲಿ ‘ಹೇಳು’ ಮೂರು ಸಲ ಬಂದಿದೆ. ಮೊದಲನೆಯದು ಪಾತ್ರದ ಆಜ್ಞೆ, ಎರಡನೆಯದು ಉದ್ಧರಣೆಯ ಅಂಚು, ಮೂರನೆಯದು ನೆನೆಯುವವನ ಕ್ರಿಯಾಪದ. ಉದ್ಧರಣೆಯ ಒಳಗಿರುವುದು ಪ್ರೌಢವಾದ ಗ್ರಾಂಥಿಕ ಕನ್ನಡ, ಹೊರಗಿರುವುದು ಮನೆಯ ಮಾತು. ಅರ್ಥದ ಭಾಷೆಯು ಗ್ರಾಂಥಿಕವಾಗಿರುವುದರಿಂದ, ದಿನನಿತ್ಯ ಆ ಭಾಷೆಯನ್ನು ಆಡದವರೂ ನೆನಪಿನಲ್ಲಿ ಅದನ್ನು ಸರಾಗವಾಗಿ ಆಡುತ್ತಾರೆ. ರಂಗಸ್ಥಳ ಮತ್ತು ಜಗುಲಿಯ ನಡುವಿನ ದೂರವನ್ನು ‘ಹೇಳಿ’ ಎಂಬ ಎರಡಕ್ಷರಗಳು ದಾಟಿಸುತ್ತವೆ.

ಹಾಗಾದರೆ ಇಂಥ ಉದ್ಧರಣೆಯು ನಾಲ್ವತ್ತು ವರ್ಷಗಳ ಹಿಂದಿನ ಮಾತಿನ ಅಕ್ಷರಶಃ ಪ್ರತಿಯೇ? ಹರ್ಬರ್ಟ್ ಕ್ಲಾರ್ಕ್ ಮತ್ತು ರಿಚರ್ಡ್ ಗೆರಿಗ್ ಅವರು 1990ರಲ್ಲಿ ಉದ್ಧರಣೆಗಳನ್ನು ‘ಪ್ರದರ್ಶನ’ಗಳೆಂದು ವಿವರಿಸಿದರು. ಉದ್ಧರಿಸುವವನು ಮೂಲವನ್ನು ವರ್ಣಿಸುವುದಿಲ್ಲ, ಅದರ ಆಯ್ದ ಕೆಲವು ಗುಣಗಳನ್ನು ಮಾಡಿ ತೋರಿಸುತ್ತಾನೆ. ಡೆಬೊರಾ ಟ್ಯಾನನ್ ಅವರು ಸಂಭಾಷಣೆಯ ಉದ್ಧರಣೆಯನ್ನು ‘ಕಟ್ಟಿದ ಸಂವಾದ’ವೆಂದೇ ಕರೆದರು. ಆಟದ ನೆನಪಿಗೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ. ಶಬ್ದಗಳು ಬೇರೆಯಾಗಿರಬಹುದು. ಆದರೆ ವಾಕ್ಯವನ್ನು ಎಲ್ಲಿ ತಡೆದರು, ಯಾವ ಪದಕ್ಕೆ ಒತ್ತು ಕೊಟ್ಟರು, ಎಷ್ಟು ಹೊತ್ತು ಮೌನವಾಗಿ ನಿಂತರು ಎಂಬವು ಉಳಿದಿರುತ್ತವೆ. ಚಂಡೆಯ ಪೆಟ್ಟನ್ನು ಬಾಯಿಂದ ನುಡಿಯುವುದು, ಕುಳಿತಲ್ಲಿಯೇ ಹೆಗಲನ್ನು ಕುಣಿಸುವುದು ಇವೂ ಅದೇ ಪ್ರದರ್ಶನದ ಭಾಗಗಳು. ಬರಹಕ್ಕಿಳಿಸುವಾಗ ಇವನ್ನು ಬಿಟ್ಟು ಶಬ್ದಗಳನ್ನಷ್ಟೇ ಉಳಿಸಿಕೊಂಡರೆ, ನೆನಪಿನಲ್ಲಿ ಹೆಚ್ಚು ಖಚಿತವಾಗಿದ್ದುದನ್ನು ಬಿಟ್ಟು ಕಡಿಮೆ ಖಚಿತವಾದುದನ್ನು ಉಳಿಸಿಕೊಂಡಂತಾಗುತ್ತದೆ.

7. ಸೂಚಕವು ಸವೆಯುವ ಬಗೆ

ಕಂಡವರಿಂದ ಕೇಳಿದವರಿಗೆ ಕಥೆ ದಾಟುವಾಗ ‘-ಡ’ ಸೇರುತ್ತದೆ. ಆದರೆ ಅದು ಸದಾ ಉಳಿಯುವುದಿಲ್ಲ. ಅದು ಸವೆಯುವುದಕ್ಕೆ ಮೂರು ವ್ಯಾಕರಣಕಾರಣಗಳನ್ನು ನಾವು ಗುರುತಿಸುತ್ತೇವೆ.

ಮೊದಲನೆಯದು ಕೃದಂತಗಳ ಸರಣಿ. ಕನ್ನಡದ ಕಥನವಾಕ್ಯವು ‘ಬಂದು, ನಿಂತು, ನೋಡಿ, ತಿರುಗಿ’ ಎಂದು ಅಪೂರ್ಣಕ್ರಿಯೆಗಳನ್ನು ಪೋಣಿಸಿ ಕೊನೆಯಲ್ಲಿ ಒಂದೇ ಪೂರ್ಣಕ್ರಿಯೆಯನ್ನು ಇಡುತ್ತದೆ. ‘-ಡ’ವಾಗಲಿ ‘-ಅಂತೆ’ಯಾಗಲಿ ಸೇರುವುದು ಆ ಕೊನೆಯ ಕ್ರಿಯೆಗೆ ಮಾತ್ರ. ಹತ್ತು ಘಟನೆಗಳಿಗೆ ಒಂದೇ ಗುರುತು. ಆ ಗುರುತು ಕಿವಿಗೆ ತಪ್ಪಿದರೆ ಹತ್ತೂ ಘಟನೆಗಳು ಕಂಡವುಗಳಾಗುತ್ತವೆ.

ಎರಡನೆಯದು ಕಾಲದ ಪಲ್ಲಟ. ವಿಲಿಯಂ ಲಬೋವ್ ಮತ್ತು ಜೋಶುವಾ ವಾಲೆಟ್ಸ್‌ಕಿ ಅವರು 1967ರಲ್ಲಿ ವಿವರಿಸಿದ ಕಥನರಚನೆಯಲ್ಲಿ ಸನ್ನಿವೇಶದ ಪರಿಚಯ, ಘಟನೆಗಳ ಏರಿಕೆ, ಮೌಲ್ಯಮಾಪನ, ಪರಿಹಾರ ಎಂಬ ಹಂತಗಳಿವೆ. ಆಟದ ನೆನಪಿನಲ್ಲಿ ಪರಿಚಯದ ಹಂತವು ಜಾತ್ರೆಯ ವರ್ಷ, ಹೋದ ಗಾಡಿ, ಕುಳಿತ ಚಾಪೆ ಅಥವಾ ಕುರ್ಚಿ ಇವುಗಳಿಂದ ಕೂಡಿ ಭೂತಕಾಲದಲ್ಲಿರುತ್ತದೆ. ವೇಷವು ರಂಗಸ್ಥಳಕ್ಕೆ ಬರುವ ಕ್ಷಣದಲ್ಲಿ ಮಾತು ವರ್ತಮಾನಕ್ಕೆ ಜಿಗಿಯುತ್ತದೆ. ‘ಇಲ್ಲಿ ಭಾಗವತ, ಅಲ್ಲಿ ಚೌಕಿ’ ಎಂದು ಕೈ ತೋರಿಸಲಾಗುತ್ತದೆ. ಕಣ್ಣೆದುರಿಗಿಲ್ಲದುದನ್ನು ಕಣ್ಣೆದುರಿಗಿರುವಂತೆ ನಿರ್ದೇಶಿಸುವ ಈ ಬಗೆಯನ್ನು ಕಾರ್ಲ್ ಬ್ಯೂಲರ್ ಅವರು 1934ರಲ್ಲಿಯೇ ಕಲ್ಪನಾನ್ವಿತ ನಿರ್ದೇಶನವಾಗಿ ವಿವರಿಸಿದ್ದಾರೆ. ಈಗ ಇಲ್ಲಿ ಕಾಣುತ್ತಿರುವಂತೆ ಹೇಳುವ ಮಾತಿಗೆ ‘ಅಂತೆ’ ಎಂಬುದು ಹೊಂದುವುದಿಲ್ಲ. ಆದ್ದರಿಂದ ಕಥೆಯ ಅತ್ಯಂತ ಸ್ಮರಣೀಯ ಭಾಗದಲ್ಲಿಯೇ ಮೂಲದ ಗುರುತು ಕಳಚುತ್ತದೆ.

ಮೂರನೆಯದು ಉದ್ಧರಣೆ. ಪಾತ್ರದ ಮಾತನ್ನು ಆಡಿ ತೋರಿಸುವಾಗ ‘-ಡ’ಕ್ಕೆ ಉದ್ಧರಣೆಯೊಳಗೆ ಸ್ಥಳವಿಲ್ಲ. ಆಡಿ ತೋರಿಸುವವನ ಸಾಮರ್ಥ್ಯವೇ ಅವನ ಹಾಜರಿಯ ಪುರಾವೆಯಂತೆ ಕೇಳುಗನಿಗೆ ತೋರುತ್ತದೆ.

ಹೀಗೆ ಚೆನ್ನಾಗಿ ಕಥೆ ಹೇಳುವ ಮಗನು ಅಪ್ಪಯ್ಯನ ರಾತ್ರಿಯನ್ನು ತನ್ನದಾಗಿಸಿಕೊಳ್ಳುತ್ತಾನೆ. ಇದರಲ್ಲಿ ಮೋಸದ ಉದ್ದೇಶವನ್ನು ಹುಡುಕಬೇಕಾಗಿಲ್ಲ. ಒಳ್ಳೆಯ ಕಥನಕ್ಕೆ ಬೇಕಾದ ಸಾಧನಗಳೇ ಮೂಲದ ಗುರುತನ್ನು ಸವೆಸುತ್ತವೆ. ‘-ಡ’ ಇದ್ದರೆ ಅದು ವರದಿ ಎಂದು ಧೈರ್ಯದಿಂದ ಹೇಳಬಹುದು. ಇಲ್ಲದಿದ್ದರೆ ಅದು ಸಾಕ್ಷ್ಯವೆಂದು ಅಷ್ಟೇ ಧೈರ್ಯದಿಂದ ಹೇಳಲಾಗದು. ಈ ಅಸಮತೆಯೇ ನಮ್ಮ ವಿಶ್ಲೇಷಣೆಯ ತಿರುಳು.

8. ಲಿಪ್ಯಂತರದ ಹೊಣೆ

ಹಿರಿಯ ಪ್ರೇಕ್ಷಕರ ಮಾತನ್ನು ಸ್ಮರಣಸಂಚಿಕೆಗೋ ಪ್ರಬಂಧಕ್ಕೋ ಬರೆದುಕೊಳ್ಳುವಾಗ ಸಾಮಾನ್ಯವಾಗಿ ಮೂರು ತಿದ್ದುಪಡಿಗಳಾಗುತ್ತವೆ. ‘-ಡ’ ಬಿಟ್ಟುಹೋಗುತ್ತದೆ ಅಥವಾ ‘ಎನ್ನಲಾಗಿದೆ’ ಎಂದಾಗಿ, ಹೇಳಿದವರು ಯಾರೆಂಬುದೇ ಮರೆಯಾಗುತ್ತದೆ. ‘ಎಂಗ’ ಮತ್ತು ‘ನಾವು’ ಎರಡೂ ‘ನಾವು’ ಆಗುತ್ತವೆ. ಏಕವಚನವು ಗೌರವವಚನವಾಗುತ್ತದೆ. ಫಲವಾಗಿ ದೊರೆಯುವುದು ವ್ಯಾಕರಣಶುದ್ಧವಾದ, ಆದರೆ ಸಾಕ್ಷಿಯನ್ನು ಕಳೆದುಕೊಂಡ ಪಠ್ಯ. ಮುಂದೆ ಅದನ್ನು ಓದುವ ಸಂಶೋಧಕನಿಗೆ ಎಲ್ಲರೂ ಎಲ್ಲವನ್ನೂ ಕಂಡವರಾಗಿ ತೋರುತ್ತಾರೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪ್ರತಿ ವಾಕ್ಯವನ್ನು ಮೊದಲು ಆಡಿದ ರೂಪದಲ್ಲಿಯೇ ಬರೆಯಬೇಕು. ಅದರ ಕೆಳಗೆ ‘-ಅಂತೆ’ಯನ್ನು ಉಳಿಸಿಕೊಂಡ ಶಿಷ್ಟರೂಪವನ್ನು ಕೊಡಬೇಕು. ಮೂರನೆಯ ಸಾಲಿನಲ್ಲಿ ಕಂಡದ್ದು, ಕೇಳಿದ್ದು, ಧ್ವನಿಸುರುಳಿಯಿಂದ ತಿಳಿದದ್ದು ಎಂಬ ಮೂಲವನ್ನೂ, ‘ನಾವು’ ಎಂಬುದರಲ್ಲಿ ಕೇಳುಗನು ಒಳಗೋ ಹೊರಗೋ ಎಂಬುದನ್ನೂ ಗುರುತಿಸಬೇಕು. ಮಾತನಾಡುವಾಗ ಜೊತೆಗೆ ಯಾರು ಕುಳಿತಿದ್ದರು ಎಂಬುದನ್ನು ದಾಖಲಿಸದೆ ಸರ್ವನಾಮವನ್ನು ಅರ್ಥೈಸಲಾಗದು. ಸೂಚಕವಿಲ್ಲದ ವರ್ತಮಾನದ ಭಾಗಗಳು ಬಂದಾಗ ಕಥನವನ್ನು ತಡೆಯದೆ, ಮುಗಿದ ಮೇಲೆ ‘ಅದನ್ನು ನೀವೇ ನೋಡಿದ್ದಿರೋ?’ ಎಂದು ವಿನಯದಿಂದ ಕೇಳಬೇಕು. ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ‘-ಡ’ ಮರಳಿ ಬರುವ ಸಂಭವವಿದೆ.

9. ಸಮಾರೋಪ

ಬಯಲಿನ ಪ್ರದರ್ಶನವು ಮುಗಿದ ಮೇಲೆ ಅದರ ಪ್ರೇಕ್ಷಕ ಸಮುದಾಯವು ಕರಗುತ್ತ ಹೋಗುತ್ತದೆ. ಅದನ್ನು ಕುರಿತ ಮಾತಿನ ಸಮುದಾಯವು ಬೆಳೆಯುತ್ತ ಹೋಗುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಹೆಚ್ಚಿನ ಭಾಷೆಗಳಲ್ಲಿ ಹೊರಗಿನ ದಾಖಲೆಗಳಿಂದ ಅಳೆಯಬೇಕು. ಹವಿಗನ್ನಡದಲ್ಲಿ ಅದರ ಒಂದು ಭಾಗವನ್ನು ಮಾತಿನಿಂದಲೇ ಅಳೆಯಬಹುದು. ಘಟ್ಟದ ಮೇಲಿನ ಆಟಗಳನ್ನು ಕುರಿತು ‘ಎಂಗ’ ಎನ್ನಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಬಳಿಕ ಆ ರಾತ್ರಿಗಳ ಕುರಿತು ಆಡುವ ಪ್ರತಿ ವಾಕ್ಯವೂ ನ್ಯಾಯವಾಗಿ ‘-ಡ’ದಲ್ಲಿಯೇ ಮುಗಿಯಬೇಕು.

ಸಂಶೋಧನ ಲೇಖನಗಳ ರೂಢಿಯಂತೆ ನಾವೂ ಇಲ್ಲಿ ‘ನಾವು’ ಎಂದೇ ಬರೆದಿದ್ದೇವೆ. ಶಿಷ್ಟಕನ್ನಡವು ಅದಕ್ಕಿಂತ ಹೆಚ್ಚಿನದನ್ನು ನಮಗೆ ಕೊಡುವುದಿಲ್ಲ. ನಮ್ಮ ಸಂಗ್ರಹಗಳಲ್ಲಿ ಮಾತು ಕೊಟ್ಟವರ ‘ಎಂಗ’ವನ್ನಾದರೂ ಹಾಗೆಯೇ ಉಳಿಸಿಕೊಂಡರೆ, ಆ ಬಯಲಿನಲ್ಲಿ ಬೆಳಗಿನವರೆಗೆ ಎಚ್ಚರವಿದ್ದವರು ಯಾರು ಎಂಬುದು ಮುಂದಿನವರಿಗೆ ತಿಳಿಯುತ್ತದೆ.